ಹೆಣೆಯುವ ಮೊದಲು ಕೇಳುವ ಪ್ರಶ್ನೆ: ಒಗೆಯುವವರು ಯಾರು?

ನಾನು ಹೆಣೆದು ಕೊಟ್ಟ ಮೊದಲ ಉಡುಗೊರೆಯನ್ನು ಮತ್ತೆ ಕಂಡದ್ದು ಒಂದು ವರ್ಷದ ನಂತರ, ಗದಗಿನ ಅಣ್ಣನ ಮನೆಯಲ್ಲಿ, ಅಡುಗೆಮನೆಯ ಒಲೆಯ ಪಕ್ಕದ ಮೊಳೆಯ ಮೇಲೆ. ಎರಡು ತಿಂಗಳ ಸಂಜೆಗಳನ್ನು ಕೊಟ್ಟು ಅಣ್ಣನ ಮಗನಿಗೆಂದು ಹೆಣೆದ ಅಪ್ಪಟ ಉಣ್ಣೆಯ ಸ್ವೆಟರ್ ಅಂಗೈ ಅಗಲದ ಗಟ್ಟಿ ದಪ್ಪ ತುಂಡಾಗಿ ಅಲ್ಲಿ ನೇತಾಡುತ್ತಿತ್ತು. ನಾನು ಅದನ್ನೇ ದಿಟ್ಟಿಸುತ್ತಿದ್ದುದನ್ನು ಕಂಡು ವೈನಿ ನಾಚಿಕೊಂಡೇ ಹೇಳಿದರು: "ನಿನ್ನ ಮನಸಿಗೆ ಬ್ಯಾಸರ ಆಗ್ತದಂತ ಹೇಳಿದ್ದಿಲ್ಲವಾ. ಬಿಸಿನೀರಾಗ ನೆನಸಿ ಕಲ್ಲಿನ ಮ್ಯಾಲೆ ತಿಕ್ಕಿದೆ, ಗೊಂಬಿ ಅಂಗಿ ಆಗಿ ಕುಂತಿತು. ಆದ್ರ ಹಾಲಿನ ಪಾತೇಲಿ ಇಳಸಾಕ ಇದರಂಥದ್ದು ಇನ್ನೊಂದಿಲ್ಲ ನೋಡು."

ವೈನಿಯವರ ತಪ್ಪು ಏನೂ ಇರಲಿಲ್ಲ. ಉಣ್ಣೆಯ ಎಳೆಯ ಮೈಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸಾಬೂನು ಮತ್ತು ತಿಕ್ಕಾಟ ಮೂರೂ ಕೂಡಿದಾಗ ಆ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಅಣ್ಣನ ಮನೆಯಲ್ಲಿ ಮಕ್ಕಳ ಬಟ್ಟೆ ಎಲ್ಲವನ್ನೂ ಒಗೆಯುತ್ತಿದ್ದುದು ಹಾಗೆಯೇ. ನಾನು ಹುಡುಗನ ಎದೆಯ ಅಳತೆ ಕೇಳಿದ್ದೆ, ಮೆಚ್ಚಿನ ಬಣ್ಣ ಕೇಳಿದ್ದೆ, ಬಟ್ಟೆ ಒಗೆಯುವವರು ಯಾರು, ಹೇಗೆ ಒಗೆಯುತ್ತಾರೆ ಎಂದು ಮಾತ್ರ ಕೇಳಿರಲಿಲ್ಲ. ಅಂದಿನಿಂದ ಯಾರಿಗೆ ಏನು ಹೆಣೆಯುವುದಿದ್ದರೂ ನನ್ನ ಮೊದಲ ಪ್ರಶ್ನೆ ಅದೇ ಆಗಿದೆ. ನೂಲು, ಸೂಜಿ, ನಮೂನೆ ಎಲ್ಲವೂ ಅದರ ಉತ್ತರ ಸಿಕ್ಕ ಮೇಲೆ ತೀರ್ಮಾನವಾಗುತ್ತವೆ.

ನೂಲಿನ ವಿಷಯದಲ್ಲಿ ಮೊದಲು ಕಲಿಯಬೇಕಾದದ್ದು ಅಂಗಡಿಯ ಭಾಷೆ. ಧಾರವಾಡದ ಸುಭಾಸ ರಸ್ತೆಯಲ್ಲಾಗಲಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಾಗಲಿ "ಉಲನ್ ಕೊಡ್ರಿ" ಎಂದು ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಲುಧಿಯಾನಾದಿಂದ ಬಂದ ಅಕ್ರಿಲಿಕ್ ನೂಲು. ಅದು ಕುರಿಯ ಮೈಯನ್ನು ಕಂಡದ್ದಲ್ಲ. ಇದು ಮೋಸವಲ್ಲ, ಮಾತಿನ ರೂಢಿ. ಸಂದೇಹ ಬಂದರೆ ಮನೆಯಲ್ಲಿ ಒಂದು ಗೇಣು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡುತ್ತೇನೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೆರಳಲ್ಲಿ ಒತ್ತಿದಾಗ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬರುತ್ತದೆ. ಅಕ್ರಿಲಿಕ್ ಎಂದರೆ ಮೂಗು ಮುರಿಯುವವರಿದ್ದಾರೆ, ನಾನೂ ಕೆಲವು ವರ್ಷ ಮುರಿದಿದ್ದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕೂಸಿನ ಬಟ್ಟೆ ಒಣಗಿಸಿದವರಿಗೆ ಅದರ ಬೆಲೆ ಗೊತ್ತು. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವವನ್ನು ಒಳಗೇ ಹಿಡಿದಿಟ್ಟುಕೊಳ್ಳಬಲ್ಲದು. ಅಕ್ರಿಲಿಕ್ ನೀರನ್ನು ಬಹುಮಟ್ಟಿಗೆ ಹೀರುವುದೇ ಇಲ್ಲ, ಹಿಂಡಿ ಫ್ಯಾನಿನ ಕೆಳಗೆ ಹರವಿದರೆ ಬೆಳಗಾಗುವುದರೊಳಗೆ ಒಣಗಿರುತ್ತದೆ. ಅದಕ್ಕೆ ಬೇಕಾದ ಎಚ್ಚರವೂ ಒಂದಿದೆ: ಇಸ್ತ್ರಿಯ ಬಿಸಿ ತಗಲಿದರೆ ನೂಲಿನ ಜೀವ ಹೋಗಿ ಹೆಣಿಗೆ ಸಪ್ಪಗೆ ಜೋತುಬೀಳುತ್ತದೆ. ನಾನು ಗೆಳತಿಗೆ ಕೊಟ್ಟ ಶಾಲೊಂದು ಇಸ್ತ್ರಿ ಅಂಗಡಿಗೆ ಹೋಗಿ ಬಂದದ್ದು ಹಾಗೆ. ಬಿಸಿ ಪಾತ್ರೆ ಹಿಡಿಯುವ ಅರಿವೆಯನ್ನಂತೂ ಅಕ್ರಿಲಿಕ್‌ನಲ್ಲಿ ಎಂದೂ ಹೆಣೆಯಬಾರದು, ಅದು ಪಾತ್ರೆಗೆ ಕರಗಿ ಅಂಟಿ ಕೈಯನ್ನೂ ಸುಡುತ್ತದೆ. ಅದಕ್ಕೆ ವೈನಿಯವರ ಕುಗ್ಗಿದ ಉಣ್ಣೆಯೇ ಸರಿಯಾದ ವಸ್ತು, ಏಕೆಂದರೆ ಉಣ್ಣೆಗೆ ಸುಲಭವಾಗಿ ಬೆಂಕಿ ಹತ್ತುವುದಿಲ್ಲ.

ಲಡಿಯ ಪಟ್ಟಿಯ ಮೇಲೆ ಅಚ್ಚಾಗಿರುವ ಲಾಟ್ ನಂಬರನ್ನೂ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ನೂಲಿನ ಗುರುತನ್ನೂ, ನೋಡಿ ಕೊಳ್ಳಬೇಕು. ಒಂದೇ ಬಣ್ಣವೆಂದು ತಂದ ಎರಡು ಲಾಟಿನ ನೂಲುಗಳು ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅವಳಿಗಳಂತೆ ಕಂಡು, ಅಂಗಳದ ಬಿಸಿಲಿನಲ್ಲಿ ಒಂದು ತೋಳು ಬೇರೆಯವರ ಸ್ವೆಟರಿನದೇನೋ ಎನ್ನುವಂತೆ ಕಂಡದ್ದು ನನಗೆ ಆಗಿದೆ. ಈಗ ಲೆಕ್ಕಕ್ಕಿಂತ ಒಂದು ಲಡಿ ಹೆಚ್ಚೇ ತರುತ್ತೇನೆ. ಉಳಿದದ್ದು ಕೂಸುಗಳ ಕಾಲುಚೀಲಕ್ಕಾಗುತ್ತದೆ.

ಸೂಜಿಯ ನಂಬರು ಇನ್ನೊಂದು ಗೊಂದಲ. ನಮ್ಮಲ್ಲಿ ಸಿಗುವ ಸೂಜಿಗಳಿಗೆ ಹಳೆಯ ಇಂಗ್ಲೆಂಡಿನ ಕ್ರಮವಿದ್ದು, ನಂಬರು ಏರಿದಂತೆ ಸೂಜಿ ಸಣ್ಣದಾಗುತ್ತದೆ: 8 ನಂಬರಿನದು 4 ಮಿ.ಮೀ., 10 ನಂಬರಿನದು 3.25 ಮಿ.ಮೀ. ಅಮೆರಿಕದ ಕ್ರಮ ಇದಕ್ಕೆ ತಿರುಗಾಮುರುಗಾ, ಅಲ್ಲಿ 8 ಎಂದರೆ 5 ಮಿ.ಮೀ. ಪುಣೆಯಲ್ಲಿರುವ ಅಕ್ಕನ ಮಗಳು ಮೊಬೈಲಿಗೆ ಕಳಿಸಿದ ನಮೂನೆಯೊಂದು ಅಮೆರಿಕದ್ದು ಎಂಬುದನ್ನು ಗಮನಿಸದೆ ನಮ್ಮ 8 ನಂಬರಿನ ಸೂಜಿಯಲ್ಲಿ ಹೆಣೆದು, ಆಕೆಯ ಗಂಡನಿಗೆಂದು ಮಾಡಿದ ಟೊಪ್ಪಿಗೆ ಆಕೆಯ ಆರು ವರ್ಷದ ಮಗನ ತಲೆಗೆ ಸರಿಯಾಗಿ ಕುಳಿತಿತು. ಈಗ ನಂಬರನ್ನು ನಂಬದೆ ಮಿ.ಮೀ. ಮಾತ್ರ ಓದುತ್ತೇನೆ.

ನನ್ನ ಉಡುಗೊರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ತೊಟ್ಟಿಲಿಗೆ ಹೋಗುವಂಥವು. ನಮ್ಮ ಕಡೆ ಕೂಸಿಗೆ ಖಣದ ಕುಂಚಿಗೆ ಹೊಲಿದು ತರುವ ರೂಢಿ ಹಳೆಯದು. ನಾನು ಅದರ ಜೊತೆಗೆ ಹೆಣೆದ ಕುಲಾವಿ ಇಡುತ್ತೇನೆ. ಕುಲಾವಿಯ ಲೆಕ್ಕ ತಿಳಿದರೆ ಹೆಣಿಗೆಯ ಲೆಕ್ಕವೆಲ್ಲ ತಿಳಿದಂತೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಸುಮಾರು 35 ಸೆಂ.ಮೀ. ಇದ್ದು, ಆರು ತಿಂಗಳಿಗೆ 43ರ ಆಸುಪಾಸಿಗೆ, ವರ್ಷಕ್ಕೆ 46ರ ಆಸುಪಾಸಿಗೆ ಬರುತ್ತದೆ. ಹುಟ್ಟಿದ ಕೂಸಿನ ಅಳತೆಗೆ ಹೆಣೆದದ್ದು ಬಾಣಂತನ ಮುಗಿಯುವುದರೊಳಗೆ ಚಿಕ್ಕದಾಗುವುದರಿಂದ ನಾನು ಆರು ತಿಂಗಳ ಅಳತೆಗೇ ಹೆಣೆಯುತ್ತೇನೆ. ಹೆಣಿಗೆ ಹಿಗ್ಗುವುದರಿಂದ ತಲೆಗಿಂತ ಮೂರು ಸೆಂ.ಮೀ. ಕಡಿಮೆ, ಅಂದರೆ 40 ಸೆಂ.ಮೀ. ಸಾಕು. ಸಾಧಾರಣ ದಪ್ಪದ ನೂಲಿಗೆ 4 ಮಿ.ಮೀ. ಸೂಜಿಯಲ್ಲಿ ನನ್ನ ಕೈಗೆ 10 ಸೆಂ.ಮೀ.ಗೆ 22 ಕುಣಿಕೆ ಬರುತ್ತವೆ. ಆದ್ದರಿಂದ 40 ಸೆಂ.ಮೀ.ಗೆ 88. ಅಂಚಿಗೆ ಎರಡು ಸೀದಾ ಕುಣಿಕೆ, ಎರಡು ಉಲ್ಟಾ ಕುಣಿಕೆ ಹೆಣೆಯಲು ನಾಲ್ಕರಿಂದ ಭಾಗವಾಗುವ ಸಂಖ್ಯೆ ಬೇಕು, ನೆತ್ತಿಯಲ್ಲಿ ಎಂಟು ಕಡೆ ಕುಣಿಕೆ ಕಡಿಮೆ ಮಾಡುತ್ತ ಬರಲು ಎಂಟರಿಂದ ಭಾಗವಾಗಬೇಕು. 88 ಎರಡಕ್ಕೂ ಒಪ್ಪುತ್ತದೆ. ಎರಡು ಸೂಜಿಯಲ್ಲಿ ಹೆಣೆದು ಹಿಂದೆ ಹೊಲಿಯುವವರು ಹೊಲಿಗೆಗೆಂದು ಎರಡು ಕುಣಿಕೆ ಹೆಚ್ಚು ಹಾಕಬೇಕು. ಸುಮಾರು 60 ಸಾಲಿಗೆ ಕೆಲಸ ಮುಗಿಯುತ್ತದೆ.

ಇಲ್ಲಿ "ನನ್ನ ಕೈಗೆ" ಎಂದು ಬೇಕೆಂದೇ ಬರೆದಿದ್ದೇನೆ. ಒಂದೇ ನೂಲು, ಒಂದೇ ಸೂಜಿ ಹಿಡಿದರೂ ಬಿಗಿ ಕೈಯವರಿಗೆ 25 ಬಂದರೆ ಸಡಿಲ ಕೈಯವರಿಗೆ 19 ಬರಬಹುದು. ಆದ್ದರಿಂದ ಮೊದಲು ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಗಲದ ಚೌಕ ತುಂಡೊಂದನ್ನು ಹೆಣೆದು ನೋಡುವುದು ಅಗತ್ಯ. ನಾನು ಅದನ್ನು ಅಳೆದು ಸುಮ್ಮನಾಗುವುದಿಲ್ಲ. ಉಡುಗೊರೆ ಯಾವ ಮನೆಗೆ ಹೋಗುತ್ತದೆಯೋ ಆ ಮನೆಯ ಒಗೆತವನ್ನೇ ಅದಕ್ಕೆ ಕೊಡುತ್ತೇನೆ. ಅವರು ಹಂಡೆಯ ಬಿಸಿನೀರು ಹಾಕುವವರಾದರೆ ಹಂಡೆಯ ಬಿಸಿನೀರು, ಬಾರ್ ಸಾಬೂನು ತಿಕ್ಕುವವರಾದರೆ ಬಾರ್ ಸಾಬೂನು, ಮಶೀನಿಗೆ ಹಾಕುವವರಾದರೆ ನಮ್ಮ ಮಶೀನಿನಲ್ಲಿ ಜೀನ್ಸ್ ಪ್ಯಾಂಟಿನ ಜೊತೆ ಒಂದು ಸುತ್ತು. ಆ ಮೇಲೆ ಒಣಗಿಸಿ ಮತ್ತೆ ಅಳೆಯುತ್ತೇನೆ. ಬಣ್ಣ ಬಿಡುವ ನೂಲು, ಗುಳ್ಳೆ ಏಳುವ ನೂಲು, ಹಿಗ್ಗಿ ಜೋಲುವ ಹತ್ತಿ ಎಲ್ಲವೂ ಈ ಚೌಕದಲ್ಲೇ ಸಿಕ್ಕಿಬೀಳುತ್ತವೆ. ಹೊಸದಾಗಿ ಕಲಿಯುವವರು ಇದನ್ನು ಬೇಸರದ ಕೆಲಸವೆನ್ನುತ್ತಾರೆ. ಎರಡು ತಿಂಗಳ ಸ್ವೆಟರನ್ನು ಒಲೆಯ ಪಕ್ಕ ಕಂಡವರು ಹಾಗೆನ್ನುವುದಿಲ್ಲ.

ಕೂಸಿನ ವಸ್ತುವಿಗೆ ಒಗೆತದಷ್ಟೇ ಮುಖ್ಯವಾದದ್ದು ಒಳಭಾಗ. ಧಾರವಾಡದಲ್ಲಿದ್ದುಕೊಂಡು ಕಸೂತಿ ಬಿಟ್ಟು ಇದನ್ನೇಕೆ ಹಿಡಿದೆ ಎಂದು ಕೇಳುವವರಿಗೆ ನಾನು ಹೇಳುವುದು, ಈ ಒಳಭಾಗದ ಪಾಠ ನನಗೆ ಬಂದದ್ದು ಅವ್ವನ ಕಸೂತಿಯಿಂದಲೇ ಎಂದು. ಅವ್ವ ಇಳಕಲ್ಲ ಸೀರೆಯ ಮೇಲೆ ಗವಂತಿ, ಮುರಗಿ ಹೊಲಿಗೆ ಹಾಕುವಾಗ ಎಳೆ ಎಣಿಸಿ ಹಾಕುತ್ತಿದ್ದಳು, ಗಂಟು ಹಾಕುತ್ತಿರಲಿಲ್ಲ. ಸೀರೆಯ ಹಿಂದು ಮುಂದು ಒಂದೇ ರೀತಿ ಕಾಣುತ್ತಿತ್ತು. ನೂಲಿನ ತುದಿಯನ್ನು ಬಂದ ದಾರಿಯಲ್ಲೇ ತಿರುಗಿಸಿ ಹೊಲಿಗೆಯೊಳಗೆ ಅಡಗಿಸುವ ಆ ಕ್ರಮವನ್ನೇ ನಾನು ಕೂಸಿನ ಕಾಲುಚೀಲದಲ್ಲಿ ಅನುಸರಿಸುತ್ತೇನೆ. ಗಂಟು ಮೆತ್ತನೆಯ ಪಾದಕ್ಕೆ ಒತ್ತುತ್ತದೆ. ಅದಕ್ಕಿಂತ ಅಪಾಯವೆಂದರೆ ಒಳಗೆ ಬಿಟ್ಟ ಸಡಿಲ ಎಳೆ ಕೂಸಿನ ಬೆರಳಿಗೆ ಸುತ್ತಿಕೊಂಡು ರಕ್ತ ಓಡದಂತೆ ಮಾಡಬಹುದು, ಕೂಸು ಏಕೆ ಅಳುತ್ತಿದೆ ಎಂಬುದು ಕಾಲುಚೀಲ ಬಿಚ್ಚುವವರೆಗೆ ಯಾರಿಗೂ ತಿಳಿಯುವುದಿಲ್ಲ. ಇದೇ ಕಾರಣಕ್ಕೆ ತೂತುತೂತಾದ ಜಾಳಿಗೆಯ ನಮೂನೆಯನ್ನು ಕಾಲುಚೀಲಕ್ಕೆ ಬಳಸುವುದಿಲ್ಲ, ಕೊರಳಿಗೆ ಕಟ್ಟುವ ಉದ್ದ ಲಾಡಿ ಇಡುವುದಿಲ್ಲ, ಬಾಯಿಗೆ ಹೋಗಬಹುದಾದ ಮಣಿ ಗುಂಡಿಗಳನ್ನು ಹಚ್ಚುವುದಿಲ್ಲ. ನೋಡಲು ಸ್ವಲ್ಪ ಬೋಳೆನಿಸುತ್ತದೆ ಎಂಬ ದೂರು ಅಜ್ಜಿಯರಿಂದ ಬರುತ್ತದೆ, ಬರಲಿ.

ದೊಡ್ಡವರಿಗೆ ಹೆಣೆದವುಗಳಲ್ಲಿ ಹೆಚ್ಚು ಬಳಕೆಯಾದದ್ದು ಮಾವನವರ ಮಫ್ಲರ್. ಅವರು ಡಿಸೆಂಬರಿನ ಚಳಿಯಲ್ಲೂ ಬೆಳಗಿನ ಆರಕ್ಕೆ ಕೆಲಗೇರಿ ಕೆರೆಯ ಕಡೆ ನಡೆಯಲು ಹೋಗುವವರು, ತಮ್ಮ ಬಟ್ಟೆಯನ್ನು ತಾವೇ ತಣ್ಣೀರಿನಲ್ಲಿ ಹಿಂಡಿ ಹರವುವವರು. ಅಂಥವರಿಗೆ ಧೈರ್ಯವಾಗಿ ಉಣ್ಣೆ ಕೊಡಬಹುದು. ಆದರೆ ಮೊದಲನೆಯದನ್ನು ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದೆ. ಹಾಗೆ ಹೆಣೆದ ಬಟ್ಟೆಯ ಎರಡು ಮುಖಗಳ ಎಳೆತ ಸಮನಾಗಿರುವುದಿಲ್ಲ, ಆದ್ದರಿಂದ ಅಂಚುಗಳು ಒಳಕ್ಕೆ ಸುರುಳಿ ಸುತ್ತುತ್ತವೆ. ಎಷ್ಟು ಒದ್ದೆ ಮಾಡಿ ಹರವಿದರೂ ಮರುದಿನ ಅದು ಕೊಳವೆಯೇ. ಮಾವನವರು ಏನೂ ಅನ್ನದೆ ಒಂದು ಚಳಿಗಾಲವಿಡೀ ಆ ಹಗ್ಗವನ್ನೇ ಕೊರಳಿಗೆ ಸುತ್ತಿಕೊಂಡರು. ಮುಂದಿನ ವರ್ಷ ಅದನ್ನೇ ಬಿಚ್ಚಿ, ಲಡಿ ಮಾಡಿ ನೆನಸಿ ಸುಕ್ಕು ತೆಗೆದು, ಉದ್ದಕ್ಕೂ ಎರಡು ಸೀದಾ ಎರಡು ಉಲ್ಟಾ ಹೆಣೆದೆ. ಈಗ ಎರಡೂ ಮುಖ ಒಂದೇ, ಅಂಚು ನೆಟ್ಟಗೆ.

ಅಪ್ಪಟ ನಮ್ಮ ಕಡೆಯ ಉಣ್ಣೆಯಲ್ಲಿ ಹೆಣೆದದ್ದು ಒಂದೇ ವಸ್ತು. ಹಾವೇರಿ ಕಡೆಯ ಸಂಬಂಧಿಕರು ಕಂಬಳಿ ನೇಯುವವರಿಂದ ಕೈಯಿಂದ ನೂತ ಕರಿ ಉಣ್ಣೆಯ ಉಂಡೆಗಳನ್ನು ತಂದುಕೊಟ್ಟಿದ್ದರು. ದಖ್ಖನಿ ಕುರಿಯ ಉಣ್ಣೆ ಒರಟು. ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಇನ್ನಷ್ಟು ಬಿರುಸು ಮಾಡುತ್ತಾರೆ, ಅದು ಮಳೆಗೆ, ಹೊಲಕ್ಕೆ ಆಗಬೇಕಾದ ವಸ್ತು. ನಾನು ಅದರಲ್ಲಿ ತಂಗಿಗೆ ತೋಳಿಲ್ಲದ ಸ್ವೆಟರ್ ಹೆಣೆದೆ. ಆಕೆ ಅದನ್ನು ತೊಟ್ಟು ಹತ್ತು ನಿಮಿಷವೂ ಕೂರಲಿಲ್ಲ: "ಅಕ್ಕಾ, ಇದರಾಗ ಇರಿವಿ ಬಿಟ್ಟೀಯೇನ?" ಬಿಚ್ಚಿ, ಅದೇ ನೂಲಿನ ಎರಡೆಳೆ ಕೂಡಿಸಿ ದಪ್ಪ ಸೂಜಿಯಲ್ಲಿ ಕಾಕಾನ ಪೂಜೆಗೆ ಒಂದು ಆಸನ ಹೆಣೆದೆ. ಅದನ್ನು ಯಾರೂ ಒಗೆಯುವುದಿಲ್ಲ. ಅಮಾವಾಸ್ಯೆಗೊಮ್ಮೆ ಕೊಡವಿ ಬಿಸಿಲಿಗೆ ಹಾಕುತ್ತಾರೆ. ಹನ್ನೊಂದು ವರ್ಷವಾಯಿತು, ಒಂದು ಎಳೆ ಸವೆದಿಲ್ಲ.

ಕ್ರೋಶಾದ ಬಾಗಿಲ ತೋರಣಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರೂ ಕೇಳುತ್ತಾರೆ, ಯಾರೂ ಒಗೆಯುವುದಿಲ್ಲ, ಎರಡು ದೀಪಾವಳಿ ಕಳೆಯುವುದರೊಳಗೆ ಧೂಳು ಹಿಡಿದು ಬಣ್ಣ ಯಾವುದೆಂದೇ ತಿಳಿಯುವುದಿಲ್ಲ. ನಾನು ಕೊಡುವುದನ್ನು ನಿಲ್ಲಿಸಿದ್ದೇನೆ.

ಸಮಯದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. 88 ಕುಣಿಕೆಯ 60 ಸಾಲು ಎಂದರೆ 5,280 ಕುಣಿಕೆ. ನಾನು ನಿಮಿಷಕ್ಕೆ ಸುಮಾರು 22 ಹೆಣೆಯುತ್ತೇನೆ, ಹಾಗಾಗಿ ಒಂದು ಕುಲಾವಿಗೆ ನಾಲ್ಕು ತಾಸು. ದೊಡ್ಡವರ ಸ್ವೆಟರಿಗೆ ಮೈಗೇ 37,000ಕ್ಕಿಂತ ಹೆಚ್ಚು ಕುಣಿಕೆ, ತೋಳುಗಳು ಸೇರಿದರೆ 40 ತಾಸು ದಾಟುತ್ತದೆ. ಕುಬಸದ ಸುದ್ದಿ ಬಂದೊಡನೆ ಶುರುಮಾಡಿದರೆ ತೊಟ್ಟಿಲಿಗೆ ಕುಲಾವಿಯೂ ಕಾಲುಚೀಲವೂ ನಿರಾಯಾಸವಾಗಿ ಮುಗಿಯುತ್ತವೆ. ಮದುವೆ ಹದಿನೈದು ದಿನವಿದೆ ಎನ್ನುವಾಗ ಸ್ವೆಟರ್ ಒಪ್ಪಿಕೊಂಡರೆ ಆ ಮದುವೆಯ ಶಾವಿಗೆ, ಹಪ್ಪಳ ಯಾವುದಕ್ಕೂ ಕೈಕೊಡಲಾಗದೆ ಬೈಸಿಕೊಳ್ಳಬೇಕಾಗುತ್ತದೆ.

ಒಗೆಯುವ ಕ್ರಮವನ್ನು ಬಾಯಲ್ಲಿ ಹೇಳಿದರೆ ಉಳಿಯುವುದಿಲ್ಲ, ಚೀಟಿಯಲ್ಲಿ ಬರೆದುಕೊಟ್ಟರೆ ಕಳೆಯುತ್ತದೆ, ಬಿಳಿ ಪಟ್ಟಿಯ ಮೇಲೆ ಪೆನ್ನಿನಲ್ಲಿ ಬರೆದು ಹೊಲಿದದ್ದು ಮೊದಲ ಒಗೆತಕ್ಕೇ ನೀಲಿಯಾಗಿ ಹರಡಿತು. ಈಗ ಒಳಭಾಗದ ಅಂಚಿನಲ್ಲಿ ಬಣ್ಣದ ದಾರದ ಒಂದು ಸಣ್ಣ ಗುರುತು ಹಾಕುತ್ತೇನೆ: ಕೆಂಪು ಇದ್ದರೆ ತಣ್ಣೀರು, ತಿಕ್ಕಬಾರದು, ನೆರಳಲ್ಲಿ ಚಪ್ಪಟೆಯಾಗಿ ಹರವಬೇಕು, ಹಸಿರು ಇದ್ದರೆ ಹೇಗಾದರೂ ಒಗೆಯಿರಿ, ಇಸ್ತ್ರಿ ಮಾತ್ರ ಬೇಡ. ಬಂಧುಗಳಲ್ಲಿ ಇದು ಎಲ್ಲರಿಗೂ ತಿಳಿದುಹೋಗಿದೆ. ಒಲೆಯ ಪಕ್ಕ ನೇತಾಡಿದ ಸ್ವೆಟರಿನ ಒಡೆಯನಿಗೆ ಈಗ ಮಗಳು ಹುಟ್ಟಿದ್ದಾಳೆ, ಅವಳ ಕುಲಾವಿ 34ನೆಯ ಸಾಲಿನಲ್ಲಿದೆ. ಮೊನ್ನೆ ಫೋನಿನಲ್ಲಿ ವೈನಿ ಬಣ್ಣ ಯಾವುದೆಂದು ಕೇಳಿದರು. ಹಳದಿ ಎಂದೆ. "ಕುಲಾವಿದಲ್ಲವಾ," ಎಂದರು ಅವರು, "ಒಳಗಿನ ದಾರದ್ದು."