ಜರ್ಮನಿಯಲ್ಲಿ ಬಾಡಿಗೆ ಮನೆ: ಮೊದಲು ಫೈಲ್, ಆಮೇಲೆ ಮನೆ

ಜರ್ಮನಿಯಲ್ಲಿ ಕೆಲಸ ಸಿಕ್ಕಿದೆ, ವೀಸಾ ಬಂದಿದೆ, ಟಿಕೆಟ್ ಕೂಡ ಆಗಿದೆ. ಇನ್ನೇನು, ಹೋಗಿ ಒಂದು ಮನೆ ನೋಡಿಕೊಂಡರಾಯಿತು ಅಂದುಕೊಂಡಿದ್ದೀರಾ? ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ. ಬರ್ಲಿನ್, ಮ್ಯೂನಿಕ್, ಹ್ಯಾಂಬರ್ಗ್, ಫ್ರಾಂಕ್‌ಫರ್ಟ್‌ನಂಥ ಊರುಗಳಲ್ಲಿ ಸುಮಾರಾಗಿರುವ ಮನೆಯ ಜಾಹೀರಾತು ಬಂದರೂ ಸಾಕು, ಸಂಜೆಯೊಳಗೆ ಮಾಲೀಕರ ಇನ್‌ಬಾಕ್ಸ್ ತುಂಬಿಹೋಗಿರುತ್ತದೆ. ಒಳ್ಳೆಯ ಸಂಬಳ ಇದೆ ಎಂದು ಬಾಯಲ್ಲಿ ಹೇಳಿದರೆ ಆಗುವುದಿಲ್ಲ. ಅದನ್ನು ಕಾಗದದಲ್ಲಿ ತೋರಿಸಬೇಕು, ಅದೂ ಕೇಳಿದ ಕೂಡಲೇ.

ಹೊಸಬರಿಗೆ ಇಲ್ಲೊಂದು ಸಿಕ್ಕು ಇದೆ. ಮನೆ ಕೊಡುವವರು ಶೂಫಾ ಎಂಬ ಸಂಸ್ಥೆಯ ವರದಿ ಕೇಳುತ್ತಾರೆ, ನೀವು ಸಾಲ ಮತ್ತು ಬಿಲ್ಲುಗಳನ್ನು ಸರಿಯಾಗಿ ಕಟ್ಟುವವರಾ ಎಂದು ತಿಳಿಯಲು. ಶೂಫಾದಲ್ಲಿ ನಿಮ್ಮ ಹೆಸರು ಸೇರಬೇಕಾದರೆ ಅಲ್ಲಿನ ಬ್ಯಾಂಕ್ ಖಾತೆ, ಮೊಬೈಲ್ ಕಾಂಟ್ರಾಕ್ಟ್ ಅಂಥದ್ದೇನಾದರೂ ಇರಬೇಕು. ಅವಕ್ಕೆ ಹೆಚ್ಚಾಗಿ ನೋಂದಣಿಯಾದ ವಿಳಾಸ ಬೇಕು. ವಿಳಾಸಕ್ಕೆ ಮನೆ ಬೇಕು! ಹಾಗಾಗಿ ಒಂದೇ ಏಟಿಗೆ ಕಾಯಂ ಮನೆ ಹಿಡಿಯಲು ಹೋಗಬೇಡಿ. ಮೊದಲ ಕೆಲವು ತಿಂಗಳಿಗೆ ತಾತ್ಕಾಲಿಕ ಜಾಗ, ಅದೇ ವಿಳಾಸದಲ್ಲಿ ನೋಂದಣಿ, ಆಮೇಲೆ ಕೈಯಲ್ಲಿ ಫೈಲ್ ಹಿಡಿದು ನಿಜವಾದ ಹುಡುಕಾಟ. ದುಡ್ಡು ಸ್ವಲ್ಪ ಜಾಸ್ತಿ ಹೋಗುತ್ತದೆ ನಿಜ, ಆದರೆ ಗಾಬರಿಯಲ್ಲಿ ಸಹಿ ಹಾಕುವುದು ತಪ್ಪುತ್ತದೆ.

ಹಂತ 1: ಮೊದಲ ವಿಳಾಸ

ಪೀಠೋಪಕರಣ ಸಮೇತ ಸಿಗುವ ಅಲ್ಪಾವಧಿ ಮನೆಗಳಿಗೆ ವುಂಡರ್‌ಫ್ಲಾಟ್ಸ್, ಹೌಸಿಂಗ್‌ಎನಿವೇರ್‌ನಂಥ ತಾಣಗಳಿವೆ. ಕಡಿಮೆಗೆ ಬೇಕು ಅಂದರೆ ವೇಗೇ ನೋಡಿ. ನಾಲ್ಕೈದು ಜನ ಒಂದೇ ಮನೆ ಹಂಚಿಕೊಂಡು, ಅಡುಗೆಮನೆ ಮತ್ತು ಬಚ್ಚಲನ್ನು ಒಟ್ಟಿಗೆ ಬಳಸಿ, ಒಬ್ಬೊಬ್ಬರಿಗೆ ಒಂದೊಂದು ಕೋಣೆ ಇಟ್ಟುಕೊಳ್ಳುವ ವ್ಯವಸ್ಥೆ ಇದು. ವೇಗೇ-ಗೆಜುಖ್ಟ್ ತಾಣದಲ್ಲಿ ಇಂಥ ಕೋಣೆಗಳು ಜಾಸ್ತಿ. ಯಾರೋ ಊರಿಗೆ ಹೋಗಿರುವಾಗ ಅವರ ಕೋಣೆಯನ್ನು ಮೂರು ತಿಂಗಳಿಗೆ ಕೊಡುವುದೂ ಉಂಟು. ವಿದ್ಯಾರ್ಥಿಗಳಾದರೆ ವಿಶ್ವವಿದ್ಯಾಲಯದ ಊರಿನ ಶ್ಟುಡಿಯೆರೆಂಡೆನ್‌ವೆರ್ಕ್ ಎಂಬ ವಿದ್ಯಾರ್ಥಿ ಸೇವಾ ಸಂಸ್ಥೆ ನಡೆಸುವ ಹಾಸ್ಟೆಲ್‌ಗೆ ಅರ್ಜಿ ಹಾಕಿ. ಪ್ರವೇಶ ಪತ್ರ ಕೈಗೆ ಬಂದ ದಿನವೇ ಹಾಕಿ, ಅಲ್ಲಿನ ಕಾಯುವ ಪಟ್ಟಿ ಉದ್ದ ಇರುತ್ತದೆ.

ಯಾವ ಜಾಗವೇ ಆಗಲಿ, ದುಡ್ಡು ಕೊಡುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಲ್ಲಿ ಆನ್‌ಮೆಲ್ಡುಂಗ್ ಮಾಡಬಹುದಾ? ಅಂದರೆ ಈ ವಿಳಾಸವನ್ನು ಊರಿನ ಕಚೇರಿಯಲ್ಲಿ ನನ್ನ ಹೆಸರಿಗೆ ನೋಂದಾಯಿಸಬಹುದಾ? ಆಗುವುದಿಲ್ಲ ಅಂದರೆ, ಎಷ್ಟೇ ಚೆನ್ನಾಗಿದ್ದರೂ ಮುಂದಕ್ಕೆ ಹೋಗಿ.

ಹಂತ 2: ಎರಡು ವಾರದೊಳಗೆ ನೋಂದಣಿ

ಮನೆಗೆ ಕಾಲಿಟ್ಟ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು ಎನ್ನುವುದು ಅಲ್ಲಿನ ಕಾನೂನು. ಬರ್ಲಿನ್‌ನಲ್ಲಿ ಇದಕ್ಕೆ ಬ್ಯುರ್ಗರ್‌ಆಮ್ಟ್ ಕಚೇರಿಗೆ ಹೋಗಬೇಕು, ಬೇರೆ ಊರುಗಳಲ್ಲಿ ಹೆಸರು ಸ್ವಲ್ಪ ಬೇರೆ ಇರಬಹುದು. ಮುಂಚಿತವಾಗಿ ಸಮಯ ಬುಕ್ ಮಾಡಬೇಕು, ದೊಡ್ಡ ಊರುಗಳಲ್ಲಿ ಆ ಟರ್ಮಿನ್ ಸಿಗುವುದೇ ಒಂದು ಸಾಹಸ. ಬೆಳಗ್ಗೆ ಬೇಗ ಸೈಟ್ ತೆರೆದು ನೋಡಿದರೆ ಯಾರೋ ರದ್ದು ಮಾಡಿದ ಸಮಯ ಸಿಗುತ್ತದೆ. ಬುಕ್ ಮಾಡಿದ ದಾಖಲೆ ಜೋಪಾನವಾಗಿಟ್ಟುಕೊಳ್ಳಿ.

ಪಾಸ್‌ಪೋರ್ಟ್, ತುಂಬಿದ ಅರ್ಜಿ, ಜೊತೆಗೆ ಮನೆ ಕೊಟ್ಟವರ ಸಹಿ ಇರುವ ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್ ಬೇಕು. ಇವರು ನಮ್ಮ ಮನೆಗೆ ಇಂಥ ದಿನ ಬಂದಿದ್ದಾರೆ ಎಂದು ದೃಢೀಕರಿಸುವ ಒಂದು ಪುಟದ ಕಾಗದ ಅದು. (ಹೆಸರು ನಾಲಿಗೆಗೆ ಬರದಿದ್ದರೂ ಪರವಾಗಿಲ್ಲ, ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ.) ಬರೀ ಬಾಡಿಗೆ ಕರಾರು ತೋರಿಸಿದರೆ ಸಾಲದು. 2015ರ ನವೆಂಬರ್‌ನಿಂದ ಈ ಕಾಗದ ಕಡ್ಡಾಯ, ಕೊಡುವುದು ಮನೆ ಕೊಟ್ಟವರ ಕರ್ತವ್ಯ. ದುಡ್ಡು ಕೊಡಿ, ನಮ್ಮ ವಿಳಾಸದಲ್ಲಿ ಸುಮ್ನೆ ನೋಂದಣಿ ಮಾಡಿಸಿಕೊಡುತ್ತೇವೆ ಅನ್ನುವವರೂ ಸಿಗುತ್ತಾರೆ. ಅತ್ತ ತಲೆ ಹಾಕಬೇಡಿ. ವಾಸವೇ ಇಲ್ಲದವರಿಗೆ ವಿಳಾಸ ಕೊಡುವುದಕ್ಕೆ 50,000 ಯೂರೋವರೆಗೆ ದಂಡ ಹಾಕಲು ಅವಕಾಶವಿದೆ, ನೋಂದಾಯಿಸಿಕೊಂಡವರೂ ತಪ್ಪಿಸಿಕೊಳ್ಳುವುದಿಲ್ಲ.

ನೋಂದಣಿಯಾದ ಮೇಲೆ 11 ಅಂಕಿಯ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಹಾಂ, ಅಂಚೆ ಅಂದಾಗ ನೆನಪಾಯಿತು. ಅಲ್ಲಿನ ಅಪಾರ್ಟ್‌ಮೆಂಟ್‌ಗಳಲ್ಲಿ ಸಾಮಾನ್ಯವಾಗಿ ವಿಳಾಸದಲ್ಲಿ ಮನೆ ನಂಬರ್ ಇರುವುದಿಲ್ಲ, ಕಟ್ಟಡದ ನಂಬರ್ ಮಾತ್ರ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಹಾಕುತ್ತಾರೆ. ನಿಮ್ಮ ಹೆಸರು ಅಲ್ಲಿಲ್ಲ ಅಂದರೆ ಬ್ಯಾಂಕ್ ಕಾರ್ಡ್, ತೆರಿಗೆ ಸಂಖ್ಯೆ, ವೀಸಾ ಕಚೇರಿಯ ಪತ್ರ ಎಲ್ಲವೂ ವಾಪಸ್. ಬಂದ ದಿನವೇ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನು ಪೆಟ್ಟಿಗೆಗೂ ಕಾಲಿಂಗ್ ಬೆಲ್ಲಿಗೂ ಅಂಟಿಸಿ. ಬೇರೆಯವರ ಕೋಣೆಯಲ್ಲಿದ್ದರೂ ಅಷ್ಟೇ.

ಹಂತ 3: ಫೈಲ್ ಕಟ್ಟುವುದು

ಒಂದೇ ಪಿಡಿಎಫ್‌ನಲ್ಲಿ ಇಷ್ಟು ಇರಲಿ: ನಿಮ್ಮನ್ನು ಪರಿಚಯಿಸುವ ಚಿಕ್ಕ ಪತ್ರ, ಸೆಲ್ಬ್‌ಸ್ಟ್‌ಔಸ್‌ಕುನ್‌ಫ್ಟ್ ಎಂಬ ಸ್ವವಿವರದ ಅರ್ಜಿ, ಕೊನೆಯ ಮೂರು ತಿಂಗಳ ಸಂಬಳದ ಚೀಟಿ, ಕೆಲಸದ ಕರಾರು, ಶೂಫಾ ವರದಿ, ಬಾಡಿಗೆ ಬಾಕಿ ಇಲ್ಲ ಎಂದು ಹಿಂದಿನ ಮಾಲೀಕರು ಕೊಟ್ಟ ಪತ್ರ.

ಅರ್ಧದಷ್ಟು ನಿಮ್ಮ ಹತ್ತಿರ ಇರುವುದಿಲ್ಲ, ಗೊತ್ತು. ಸಂಬಳದ ಚೀಟಿ ಇನ್ನೂ ಬಂದಿಲ್ಲದಿದ್ದರೆ ವಾರ್ಷಿಕ ಸಂಬಳ ನಮೂದಿಸಿರುವ ಕರಾರು, ಜೊತೆಗೆ ಕಂಪನಿಯ ಎಚ್.ಆರ್. ವಿಭಾಗದಿಂದ ಜರ್ಮನ್ ಭಾಷೆಯಲ್ಲಿ ಒಂದು ದೃಢೀಕರಣ ಪತ್ರ. ಹಿಂದಿನ ಮನೆ ಮಾಲೀಕರಿಂದ ಇಂಗ್ಲಿಷ್‌ನಲ್ಲಿ ನಾಲ್ಕು ಸಾಲು ಬರೆಸಿಕೊಂಡು ಹೋದರೂ ಉಪಯೋಗಕ್ಕೆ ಬರುತ್ತದೆ. ವಿದ್ಯಾರ್ಥಿಗಳು ವೀಸಾಕ್ಕಾಗಿ ಇಟ್ಟಿರುವ ಬ್ಲಾಕ್ಡ್ ಅಕೌಂಟ್‌ನ ಪತ್ರ ಸೇರಿಸಿ. ಅದರಿಂದ ತಿಂಗಳಿಗೆ ಇಷ್ಟು ಬರುತ್ತದೆ ಎನ್ನುವುದು ಮಾಲೀಕರಿಗೆ ಕಾಣುತ್ತದೆ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ ವರ್ಷಕ್ಕೆ 11,904 ಯೂರೋ, ತಿಂಗಳಿಗೆ 992. ಅಲ್ಲೇ ನೆಲೆಸಿರುವವರು ಯಾರಾದರೂ ಜಾಮೀನು ನಿಲ್ಲುವುದಾದರೆ ಇನ್ನೂ ಒಳ್ಳೆಯದು.

ಶೂಫಾ ವರದಿಗೆ ದುಡ್ಡು ಕೊಡಲೇಬೇಕೆಂದಿಲ್ಲ. ನಿಮ್ಮ ಬಗ್ಗೆ ಅವರಲ್ಲಿರುವ ಮಾಹಿತಿಯ ಪ್ರತಿಯನ್ನು ಯುರೋಪಿನ ಡೇಟಾ ರಕ್ಷಣೆ ಕಾನೂನಿನ 15ನೇ ವಿಧಿಯಡಿ ಉಚಿತವಾಗಿ ಕೇಳಬಹುದು. ಆದರೆ ಆ ಪ್ರತಿಯಲ್ಲಿ ಬೇಡದ ವಿವರಗಳೂ ಇರುತ್ತವೆ, ಇದ್ದ ಹಾಗೆಯೇ ಎಲ್ಲರಿಗೂ ಕಳಿಸಬೇಡಿ. ಹಾಗೆಯೇ ಮನೆ ನೋಡುವ ಮೊದಲೇ ಪಾಸ್‌ಪೋರ್ಟ್ ಪ್ರತಿಯನ್ನೂ ಯಾರಿಗೂ ಕೊಡಬೇಡಿ.

ಹಂತ 4: ಜಾಹೀರಾತು ಓದುವುದು

ಇಮ್ಮೋಸ್ಕೌಟ್24, ಇಮ್ಮೋವೆಲ್ಟ್, ಕ್ಲೈನ್‌ಆಂಟ್ಸೈಗನ್ ಎಲ್ಲರೂ ನೋಡುವ ತಾಣಗಳು. ಬರ್ಲಿನ್‌ನವರಾದರೆ ಸರ್ಕಾರಿ ಒಡೆತನದ ವಸತಿ ಕಂಪನಿಗಳ ಮನೆಗಳು ಒಟ್ಟಿಗೆ ಸಿಗುವ ಇನ್‌ಬರ್ಲಿನ್‌ವೋನೆನ್ ತಾಣವನ್ನು ಮರೆಯಬೇಡಿ. ಹ್ಯಾಂಬರ್ಗ್‌ನಲ್ಲಿ ಸಾಗಾ ಎಂಬ ಅಂಥದ್ದೇ ಕಂಪನಿ ಇದೆ. ಖಾಸಗಿ ಮಾಲೀಕರಿಗಿಂತ ಈ ಕಂಪನಿಗಳು ಹೊಸಬರಿಗೆ ವಾಸಿ, ನನ್ನ ಅಭಿಪ್ರಾಯದಲ್ಲಿ. ಅಲ್ಲಿ ಅರ್ಜಿ, ಕಾಗದ, ನಿಯಮ, ಅಷ್ಟೇ. ಮುಖ ನೋಡಿ ಮಣೆ ಹಾಕುವುದು ಕಡಿಮೆ.

ಕೋಣೆ ಲೆಕ್ಕ ನಮ್ಮ ಬಿ.ಎಚ್.ಕೆ. ಥರ ಅಲ್ಲ. ಎರಡು ಕೋಣೆಯ ಮನೆ ಅಂದರೆ ಒಂದು ಹಾಲ್, ಒಂದು ಮಲಗುವ ಕೋಣೆ. ಅಡುಗೆಮನೆ, ಬಚ್ಚಲು ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಅಡುಗೆಮನೆ ಅಂದರೆ ಎಷ್ಟೋ ಸಲ ನಾಲ್ಕು ಗೋಡೆ, ಒಂದು ನೀರಿನ ಪೈಪು, ಅಷ್ಟೇ! ಸಿಂಕ್, ಸ್ಟೌ, ಕಪಾಟು ಏನೂ ಇರುವುದಿಲ್ಲ. ಹೋಲ್ಡರ್ ಇಲ್ಲದ ವೈರ್ ಸೀಲಿಂಗ್‌ನಿಂದ ನೇತಾಡುತ್ತಿರುತ್ತದೆ. ಜಾಹೀರಾತಿನಲ್ಲಿ ಇ.ಬಿ.ಕೆ. ಎಂದಿದ್ದರೆ ಅಡುಗೆಮನೆ ಸಜ್ಜಾಗಿದೆ ಎಂದರ್ಥ. ಹೊರಡುವ ಬಾಡಿಗೆದಾರರು ತಮ್ಮ ಅಡುಗೆ ಸಾಮಾನನ್ನು ನಿಮಗೆ ಮಾರುತ್ತೇನೆ ಅನ್ನುವುದೂ ಮಾಮೂಲು. ವಸ್ತುವಿನ ಬೆಲೆಗೂ ಕೇಳಿದ ದುಡ್ಡಿಗೂ ತಾಳಮೇಳ ಇಲ್ಲದಿದ್ದರೆ ಕೊಡಬೇಕಿಲ್ಲ, ಕಾನೂನೇ ನಿಮ್ಮ ಕಡೆ ಇದೆ.

ಬಾಡಿಗೆಯಲ್ಲಿ ಎರಡು ಅಂಕಿ ಇರುತ್ತವೆ. ಕಾಲ್ಟ್‌ಮೀಟೆ ಬರೀ ಮನೆಯ ಬಾಡಿಗೆ. ವಾರ್ಮ್‌ಮೀಟೆಯಲ್ಲಿ ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸುವುದು ಇತ್ಯಾದಿ ಸೇರಿರುತ್ತದೆ. ಕರೆಂಟ್ ಮತ್ತು ಇಂಟರ್ನೆಟ್ ಸಾಮಾನ್ಯವಾಗಿ ಇದರಲ್ಲೂ ಇರುವುದಿಲ್ಲ. ನಿಮ್ಮ ಬಜೆಟ್ ಯಾವಾಗಲೂ ವಾರ್ಮ್ ಅಂಕಿಗೆ ಹೊಂದಿಸಿ. ಕೈಗೆ ಬರುವ ಸಂಬಳದ ಮೂರನೇ ಒಂದು ಭಾಗ ಮೀರಿದರೆ ಹೆಚ್ಚಿನ ಮಾಲೀಕರು ಹಿಂದೆ ಮುಂದೆ ನೋಡುತ್ತಾರೆ.

ಬ್ರೋಕರ್ ಬಗ್ಗೆ ಒಂದು ಮಾತು. 2015ರ ಜೂನ್‌ನಿಂದ ಬ್ರೋಕರನ್ನು ಕರೆಸಿದವರೇ ಅವರ ಫೀಸು ಕೊಡಬೇಕು. ಮಾಲೀಕರು ಇಟ್ಟುಕೊಂಡ ಬ್ರೋಕರ್ ನಿಮ್ಮ ಹತ್ತಿರ ಕಮಿಷನ್ ಕೇಳುವ ಹಾಗಿಲ್ಲ.

ಮೋಸದವರು ಎಲ್ಲ ಕಡೆ ಇದ್ದಾರೆ, ಕಥೆ ಮಾತ್ರ ಹೆಚ್ಚುಕಡಿಮೆ ಒಂದೇ. ಊರ ಮಧ್ಯದಲ್ಲಿ ದೊಡ್ಡ ಮನೆ, ಬಾಡಿಗೆ ಮಾತ್ರ ಕಡಿಮೆ. ಮಾಲೀಕ ಬೇರೆ ದೇಶದಲ್ಲಿದ್ದಾನೆ, ಬರಲು ಆಗುವುದಿಲ್ಲ. ನೀವು ಅಡ್ವಾನ್ಸ್ ಹಾಕಿ, ಕೀಲಿ ಕೊರಿಯರ್‌ನಲ್ಲಿ ಬರುತ್ತದೆ. ಬರುವುದಿಲ್ಲ! ಮನೆಯೊಳಗೆ ನೀವೋ, ನಿಮಗೆ ಬೇಕಾದವರೋ ಕಾಲಿಡದೆ ಒಂದು ಯೂರೋ ಕೂಡ ಕಳಿಸಬೇಡಿ.

ಹಂತ 5: ಮನೆ ನೋಡಲು ಹೋದಾಗ

ಹೇಳಿದ ಸಮಯಕ್ಕೆ ಐದು ನಿಮಿಷ ಮೊದಲೇ ಹೋಗಿ. ನಿಮ್ಮ ಜೊತೆ ಇನ್ನೂ ಇಪ್ಪತ್ತು ಜನ ಸಾಲಿನಲ್ಲಿರಬಹುದು, ಎದೆಗುಂದಬೇಡಿ. ಮುದ್ರಿಸಿದ ಫೈಲ್ ಒಂದು ಕೈಯಲ್ಲಿರಲಿ, ಪಿಡಿಎಫ್ ಅದೇ ಸಂಜೆ ಕಳಿಸಿ. ಜರ್ಮನ್‌ನಲ್ಲಿ ನಾಲ್ಕು ಮಾತು ಕಲಿತು ಹೋಗಿ, ತಪ್ಪಾದರೂ ಚಿಂತೆಯಿಲ್ಲ. ಕಿಟಕಿಯ ಮೂಲೆ, ಬಚ್ಚಲ ಗೋಡೆಯಲ್ಲಿ ಕಪ್ಪು ಬೂಷ್ಟು ಇದೆಯಾ ನೋಡಿ. ಹೀಟಿಂಗ್ ಗ್ಯಾಸಿನದಾ, ಕರೆಂಟಿನದಾ ಕೇಳಿ, ಚಳಿಗಾಲದ ಖರ್ಚು ಅದರ ಮೇಲೆ ನಿಂತಿದೆ. ಧರ್ಮ ಯಾವುದು, ಮಗು ಮಾಡಿಕೊಳ್ಳುವ ಯೋಚನೆ ಇದೆಯಾ ಅಂತ ಕೇಳಿದರೆ ನಿಜ ಹೇಳಲೇಬೇಕು ಅಂತಿಲ್ಲ. ಸಂಬಳ, ಕೆಲಸದ ಬಗ್ಗೆ ಮಾತ್ರ ಸುಳ್ಳು ಬೇಡ, ಆಮೇಲೆ ಕರಾರೇ ಬಿದ್ದುಹೋಗಬಹುದು.

ಹಂತ 6: ಸಹಿ ಹಾಕುವ ಮೊದಲು

ಕರಾರು ಜರ್ಮನ್‌ನಲ್ಲೇ ಇರುತ್ತದೆ. ಒಂದು ದಿನ ಸಮಯ ಕೇಳಿ, ಭಾಷೆ ಬಲ್ಲವರಿಂದ ಓದಿಸಿ. ಮುಖ್ಯವಾಗಿ ಮೂರು ಕಡೆ ಬೆರಳಿಟ್ಟು ಕೇಳಿ. ಬಾಡಿಗೆ ಹೇಗೆ ಏರುತ್ತದೆ? ಶ್ಟಾಫೆಲ್ ಕರಾರಿನಲ್ಲಿ ಯಾವ ವರ್ಷ ಎಷ್ಟು ಎಂದು ಮೊದಲೇ ಬರೆದಿರುತ್ತದೆ, ಇಂಡೆಕ್ಸ್ ಕರಾರಿನಲ್ಲಿ ದೇಶದ ಬೆಲೆಯೇರಿಕೆಯ ಸೂಚ್ಯಂಕದ ಜೊತೆ ಏರುತ್ತದೆ. ಹಣದುಬ್ಬರ ಜೋರಾಗಿರುವ ವರ್ಷದಲ್ಲಿ ಈ ಎರಡನೆಯದು ಜೇಬು ಸುಡುತ್ತದೆ. ಎರಡು, ಇಷ್ಟು ಕಾಲ ಮನೆ ಬಿಡುವಂತಿಲ್ಲ ಎಂಬ ಷರತ್ತು ಇದೆಯಾ? ಮೂರು, ಬಿಡುವಾಗ ಸುಣ್ಣಬಣ್ಣ ಯಾರದು? ಬಣ್ಣ ಬಳಿಯದ ಮನೆಯನ್ನು ಯಾವ ಪರಿಹಾರವೂ ಕೊಡದೆ ನಿಮಗೆ ಒಪ್ಪಿಸಿದ್ದರೆ, ಬಣ್ಣ ಬಳಿಯಲೇಬೇಕು ಎಂಬ ಷರತ್ತು ನಿಲ್ಲುವುದಿಲ್ಲ ಎಂದು ಅಲ್ಲಿನ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2015ರಲ್ಲಿ ಹೇಳಿದೆ.

ಕೌಟ್ಸಿಯೋನ್, ಅಂದರೆ ಅಡ್ವಾನ್ಸ್, ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಹೊಸಬರಿಗೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ: ಅದನ್ನು ಮೂರು ಸಮಾನ ಕಂತುಗಳಲ್ಲಿ ಕೊಡುವ ಹಕ್ಕು ನಿಮಗಿದೆ. ಮೊದಲ ಕಂತು ಬಾಡಿಗೆ ಶುರುವಾದಾಗ, ಉಳಿದೆರಡು ಮುಂದಿನ ಎರಡು ತಿಂಗಳ ಬಾಡಿಗೆಯ ಜೊತೆ. ಮಾಲೀಕರು ಆ ದುಡ್ಡನ್ನು ತಮ್ಮ ಸ್ವಂತ ಹಣದಿಂದ ಬೇರೆಯಾಗಿ ಇಡಬೇಕು. ನಗದು ಕೊಡಬೇಡಿ, ಬ್ಯಾಂಕ್ ಮೂಲಕವೇ ಹೋಗಲಿ.

ಹಂತ 7: ಕೀಲಿ ಕೈಗೆ ಬಂದ ದಿನ

ಅವತ್ತು ಊಬರ್‌ಗಾಬೆಪ್ರೋಟೋಕೋಲ್ ಎಂಬ ಹಸ್ತಾಂತರ ಪತ್ರ ತುಂಬುತ್ತಾರೆ. ಆತುರ ಪಡಬೇಡಿ, ಈ ಒಂದು ಗಂಟೆ ಮೇಲೆ ನಿಮ್ಮ ಅಡ್ವಾನ್ಸ್ ನಿಂತಿದೆ. ನೆಲದ ಗೀರು, ಒಡೆದ ಟೈಲ್, ಬಾಗಿಲ ಹಿಂದಿನ ಮೊಳೆ ತೂತು, ಸರಿಯಾಗಿ ಮುಚ್ಚದ ಕಿಟಕಿ, ಎಲ್ಲವನ್ನೂ ಬರೆಸಿ, ಫೋಟೋ ತೆಗೆಯಿರಿ. ಕರೆಂಟ್, ನೀರು, ಹೀಟಿಂಗ್ ಮೀಟರ್‌ಗಳ ಅಂಕಿ, ಕೊಟ್ಟ ಕೀಲಿಗಳ ಎಣಿಕೆ, ಎರಡೂ ಕಡೆಯ ಸಹಿ. ಇಡೀ ಕಟ್ಟಡಕ್ಕೆ ಒಂದೇ ಬೀಗದ ವ್ಯವಸ್ಥೆ ಇರುವ ಕಡೆ ಒಂದು ಕೀಲಿ ಕಳೆದರೂ ಖರ್ಚು ಭಾರೀ ಆಗಬಹುದು. ಅದಕ್ಕೇ ಕೀಲಿ ಕಳೆಯುವುದನ್ನೂ ಸೇರಿಸಿಕೊಂಡ ಹಾಫ್ಟ್‌ಫ್ಲಿಷ್ಟ್ ವಿಮೆ, ಅಂದರೆ ನಿಮ್ಮಿಂದ ಬೇರೆಯವರಿಗಾದ ನಷ್ಟ ತುಂಬಿಕೊಡುವ ವಿಮೆ, ಮಾಡಿಸಿ.

ಹೊಸ ವಿಳಾಸಕ್ಕೆ ಮತ್ತೆ ಎರಡು ವಾರದೊಳಗೆ ನೋಂದಣಿ. ಕರೆಂಟ್ ಕಂಪನಿಯನ್ನು ನೀವೇ ಆರಿಸಬಹುದು, ಸುಮ್ಮನಿದ್ದರೆ ಆ ಊರಿನ ಮೂಲ ಸರಬರಾಜುದಾರರ ದರ ಬೀಳುತ್ತದೆ, ಅದು ಹೆಚ್ಚಾಗಿ ದುಬಾರಿ. ರೇಡಿಯೊ ಟಿವಿ ಶುಲ್ಕದ ಪತ್ರ ಬಂದರೆ ಮೋಸ ಅಂದುಕೊಂಡು ಹರಿದು ಹಾಕಬೇಡಿ. ಮನೆಯಲ್ಲಿ ಟಿವಿ ಇರಲಿ ಬಿಡಲಿ, ಮನೆಗೊಂದರಂತೆ ಕಟ್ಟಲೇಬೇಕು. 2021ರ ಆಗಸ್ಟ್‌ನಲ್ಲಿ ಅದು ತಿಂಗಳಿಗೆ 18.36 ಯೂರೋ ಆಯಿತು. ವೇಗೇಯಲ್ಲಿದ್ದರೆ ಒಬ್ಬರು ಕಟ್ಟಿದರೆ ಸಾಕು, ಉಳಿದವರು ಅವರ ಶುಲ್ಕದ ಖಾತೆಯ ನಂಬರ್ ಬರೆದು ಕಳಿಸಬಹುದು.

ವರ್ಷಕ್ಕೊಮ್ಮೆ ಹೀಟಿಂಗ್, ನೀರಿನ ಲೆಕ್ಕ ಬರುತ್ತದೆ. ಕಡಿಮೆ ಬಳಸಿದ್ದರೆ ದುಡ್ಡು ವಾಪಸ್, ಜಾಸ್ತಿಯಾಗಿದ್ದರೆ ನೀವು ಕೊಡಬೇಕು. ಲೆಕ್ಕದ ಅವಧಿ ಮುಗಿದ 12 ತಿಂಗಳೊಳಗೆ ಮಾಲೀಕರು ಲೆಕ್ಕ ಕಳಿಸದಿದ್ದರೆ ಸಾಮಾನ್ಯವಾಗಿ ಹೆಚ್ಚುವರಿ ಹಣ ಕೇಳುವ ಹಕ್ಕು ಅವರಿಗೆ ಇರುವುದಿಲ್ಲ. ಲೆಕ್ಕ ಅರ್ಥವಾಗದಿದ್ದರೆ, ಬಾಡಿಗೆಯೇ ಅತಿಯಾಯಿತು ಅನಿಸಿದರೆ ಊರಿನ ಮೀಟರ್‌ಫೆರೈನ್ ಎಂಬ ಬಾಡಿಗೆದಾರರ ಸಂಘಕ್ಕೆ ಸದಸ್ಯರಾಗಿ. ವಕೀಲರು ಕಾಗದ ನೋಡಿ ಹೇಳುತ್ತಾರೆ. ಬಾಡಿಗೆ ನಿಯಂತ್ರಣ ಇರುವ ಊರುಗಳಲ್ಲಿ ಹೊಸ ಕರಾರಿನ ಬಾಡಿಗೆ ಆ ಪ್ರದೇಶದ ವಾಡಿಕೆಯ ದರಕ್ಕಿಂತ ಶೇ 10ಕ್ಕಿಂತ ಜಾಸ್ತಿ ಇರುವಂತಿಲ್ಲ. 2014ರ ಅಕ್ಟೋಬರ್ 1ರ ನಂತರ ಮೊದಲ ಸಲ ಬಾಡಿಗೆಗೆ ಬಂದ ಹೊಸ ಮನೆಗಳಿಗೆ ಇದು ಅನ್ವಯಿಸುವುದಿಲ್ಲ.

ಮನೆ ಬಿಡುವ ಕಾಲ ಬಂದಾಗ ಮೂರು ತಿಂಗಳ ನೋಟಿಸ್ ಕೊಡಬೇಕು. ತಿಂಗಳ ಮೂರನೇ ಕೆಲಸದ ದಿನದೊಳಗೆ ಪತ್ರ ಮಾಲೀಕರ ಕೈ ಸೇರಿದರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಸೇರುತ್ತದೆ. ಇಮೇಲ್, ವಾಟ್ಸಾಪ್ ನಡೆಯುವುದಿಲ್ಲ. ಕಾಗದದ ಮೇಲೆ ಬರೆದು, ಕರಾರಿನಲ್ಲಿ ಹೆಸರಿರುವ ಎಲ್ಲರೂ ಪೆನ್ನಿನಲ್ಲಿ ಸಹಿ ಹಾಕಿ, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ.