ಬಿಟ್ಟ ಸ್ಥಳಕ್ಕೆ ಸಿನ್ಸಾ, ಫಾರಾ? ಇಂಗ್ಲಿಷ್ ಪರೀಕ್ಷೆಗೆ ತಯಾರಾಗುದು ಹೇಗೆ

ಉಡುಪಿಯಲ್ಲಿ ಸಂಜೆ ಹೊತ್ತು ನನ್ನ ಹತ್ರ ಇಂಗ್ಲಿಷ್ ಕಲೀಲಿಕ್ಕೆ ಬರುವವರಲ್ಲಿ ಅರ್ಧ ಜನ ಬ್ಯಾಂಕ್ ಪರೀಕ್ಷೆಯವರು, ಉಳಿದವರು ಹೊರದೇಶಕ್ಕೆ ಹೋಗ್ಲಿಕ್ಕೆ ಅಂತ ಕೇಂಬ್ರಿಜ್ ಪರೀಕ್ಷೆ ಕಟ್ಟಿದವರು. ಎಲ್ಲರದ್ದೂ ಒಂದೇ ಮಾತು, "ಮೇಡಂ, ಪ್ಯಾಸೇಜ್ ಅರ್ಥ ಆಗ್ತದೆ, ಬಿಟ್ಟ ಸ್ಥಳ ತುಂಬುವಾಗ ಮಾತ್ರ ತಪ್ಪುತ್ತದೆ." ಹೋದ ತಿಂಗಳು ಒಬ್ಳು ಹುಡುಗಿಯ ಪೇಪರ್ ತಿದ್ದಿದೆ, 20ರಲ್ಲಿ 9 ತಪ್ಪು, ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ನೋಡಿದ್ರೆ ಆ 9ರಲ್ಲಿ 6 ತಪ್ಪಿನ ಹಿಂದೆ ಇದ್ದದ್ದು ನಮ್ಮ ಕನ್ನಡದ ಒಂದೇ ಪ್ರತ್ಯಯ, "ಇಂದ". ಅವಳಿಗೆ ಗ್ರಾಮರ್ ಬರುದಿಲ್ಲ ಅಂತಲ್ಲ, ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷಿಗೆ ದಾಟುವ ಜಾಗದಲ್ಲಿ ಜಾರ್ತಾ ಇದ್ಲು. ಹಾಗಾಗಿ ನಾನು ಎಲ್ಲರಿಗೂ ಹೇಳುದು, ಗ್ರಾಮರ್ ಪುಸ್ತಕವನ್ನು ಮೊದಲ ಪುಟದಿಂದ ಬಾಯಿಪಾಠ ಮಾಡ್ಲಿಕ್ಕೆ ಹೊರಡುವ ಮೊದಲು ನೀವು ಎಲ್ಲಿ ಜಾರ್ತೀರಿ ಅಂತ ಹುಡುಕಿ.

ಅದಕ್ಕಿಂತಲೂ ಮೊದಲು ನಿಮ್ಮ ಪರೀಕ್ಷೆಯ ಲೆಕ್ಕ ತಿಳ್ಕೊಳ್ಳಿ. ಬ್ಯಾಂಕ್ ಪರೀಕ್ಷೆಯಲ್ಲಿ ಆಪ್ಷನ್ ಕೊಟ್ಟಿರ್ತಾರೆ, ಬ್ಯಾಂಕ್ ನೇಮಕಾತಿಗೆ ಐಬಿಪಿಎಸ್ ಸಂಸ್ಥೆ ನಡೆಸುವ ಪರೀಕ್ಷೆಯ ಮೊದಲ ಹಂತ, ಪ್ರಿಲಿಮ್ಸಲ್ಲಿ ಇಂಗ್ಲಿಷಿಗೆ 30 ಪ್ರಶ್ನೆ, 20 ನಿಮಿಷ, ಒಂದು ತಪ್ಪಿಗೆ ಕಾಲು ಮಾರ್ಕ್ ಹೋಗ್ತದೆ. ಕೇಂಬ್ರಿಜಿನ ಬಿ2 ಫಸ್ಟ್ ಅನ್ನುವ ಪರೀಕ್ಷೆಯಲ್ಲಿ ಹಾಗಲ್ಲ, ಅಲ್ಲಿ ಓಪನ್ ಕ್ಲೋಜ್ ಅಂತ ಒಂದು ಭಾಗ ಉಂಟು, 8 ಖಾಲಿ ಜಾಗ, ಆಪ್ಷನ್ ಇಲ್ಲ, ಒಂದು ಜಾಗಕ್ಕೆ ಒಂದೇ ಪದ ನೀವೇ ಬರೀಬೇಕು, ಸ್ಪೆಲ್ಲಿಂಗ್ ತಪ್ಪಿದ್ರೆ ಮಾರ್ಕಿಲ್ಲ, ಆದ್ರೆ ತಪ್ಪಿಗೆ ಮಾರ್ಕ್ ಕಳೆಯುದಿಲ್ಲ. ಅಂದ್ರೆ ಅಲ್ಲಿ ಒಂದು ಜಾಗವನ್ನೂ ಖಾಲಿ ಬಿಡ್ಬಾರ್ದು, ಬ್ಯಾಂಕ್ ಪರೀಕ್ಷೆಯಲ್ಲಿ ಕಣ್ಣುಮುಚ್ಚಿ ಒತ್ಬಾರ್ದು. ಎರಡು ಆಪ್ಷನ್ ತೆಗೆದು ಹಾಕ್ಲಿಕ್ಕೆ ಆದ್ರೆ ಮಾತ್ರ ಒತ್ತಿ.

ಈಗ ಒಂದು ಹೊಸ ನೋಟ್ ಬುಕ್ ತೆಗೀರಿ, ಪುಟದ ಮಧ್ಯ ಗೆರೆ ಎಳೀರಿ. ಎಡಗಡೆ ಕನ್ನಡದ ರೂಪ, ಬಲಗಡೆ ಅದಕ್ಕೆ ಇಂಗ್ಲಿಷಲ್ಲಿ ಬರುವ ಪದ. ಮೊದಲ ಪುಟ "ಇಂದ"ಕ್ಕೇ ಇರಲಿ. ಉಡುಪಿಯಿಂದ ಬಂದೆ ಅಂದ್ರೆ ಫ್ರಮ್. ಬೆಳಿಗ್ಗೆಯಿಂದ ಕಾಯ್ತಾ ಇದ್ದೇನೆ ಅಂದ್ರೆ ಸಿನ್ಸ್. ಹತ್ತು ವರ್ಷದಿಂದ ಇಲ್ಲೇ ಇದ್ದೇನೆ ಅಂದ್ರೆ ಫಾರ್. ಚೂರಿಯಿಂದ ಕೊಯ್ದದ್ದು ವಿತ್, ಅವನಿಂದ ಆದ ಕೆಲಸ ಬೈ, ಜ್ವರದಿಂದ ತೀರಿಹೋದದ್ದು ಆಫ್. ನೋಡಿ, ನಮಗೆ ಒಂದೇ "ಇಂದ", ಅವರಿಗೆ ಆರು ಪದ! ಇದ್ರಲ್ಲಿ ಅತಿ ಹೆಚ್ಚು ಮಾರ್ಕ್ ತಿನ್ನುದು ಸಿನ್ಸ್ ಮತ್ತು ಫಾರ್. ಶುರುವಾದ ಗಳಿಗೆ ಹೇಳಿದ್ರೆ ಸಿನ್ಸ್, ಎಷ್ಟು ಕಾಲ ಅಂತ ಉದ್ದ ಹೇಳಿದ್ರೆ ಫಾರ್, ಮತ್ತೆ ಇವೆರಡರಲ್ಲಿ ಯಾವುದೇ ಒಂದು ಇರುವ ವಾಕ್ಯದಲ್ಲಿ ಕೆಲಸ ಈಗಲೂ ನಡೀತಾ ಇದ್ರೆ ಕ್ರಿಯಾಪದ ಹ್ಯಾವ್ ಅಥವಾ ಹ್ಯಾಸ್ ಹಿಡ್ಕೊಂಡು ಬರಬೇಕು. ನಾವು "ಇದ್ದೇನೆ" ಅಂತ ವರ್ತಮಾನದಲ್ಲಿ ಹೇಳುದ್ರಿಂದ "ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್" ಅಂತ ಸಲೀಸಾಗಿ ಬಾಯಿಗೆ ಬಂದುಬಿಡ್ತದೆ, ಅದ್ರಲ್ಲಿ ತಪ್ಪು ಒಂದಲ್ಲ, ಎರಡು.

ಎರಡನೇ ಪುಟ "ಅಲ್ಲಿ"ಗೆ. ಮಂಗಳೂರಲ್ಲಿ ಅಂದ್ರೆ ಇನ್, ಹಂಪನಕಟ್ಟೆಯಲ್ಲಿ ಬಸ್ ಇಳಿದೆ ಅಂದ್ರೆ ಆಟ್, ಮೇಜಲ್ಲಿ ಇಟ್ಟೆ ಅಂದ್ರೆ ಆನ್, ಬಸ್ಸಲ್ಲಿ ಬಂದೆ ಅಂದ್ರೆ ಬೈ ಬಸ್. ಲೆಕ್ಕದಲ್ಲಿ ಹುಷಾರು ಅಂತ ನಾವು ಹೇಳುದಲ್ವಾ, ಅಲ್ಲಿ ಗುಡ್ ಇನ್ ಅಲ್ಲ, ಗುಡ್ ಆಟ್. ಮೂರನೇ ಪುಟದಲ್ಲಿ "ಜೊತೆ", "ಬಗ್ಗೆ" ಇಂಥದ್ದು. ಅವನ ಜೊತೆ ಮದುವೆ ಆಯ್ತು ಅಂತ ಮ್ಯಾರೀಡ್ ವಿತ್ ಬರೀಬೇಡಿ, ಮ್ಯಾರೀಡ್ ಟು. ಬಗ್ಗೆ ಚರ್ಚೆ ಮಾಡಿದೆವು ಅಂತ ಡಿಸ್ಕಸ್ ಆದ ಮೇಲೆ ಅಬೌಟ್ ಹಾಕಬೇಡಿ, ಏನೂ ಬೇಡ ಅಲ್ಲಿ. ತುಳು, ಕೊಂಕಣಿ ಮನೆಮಾತಿನವರು ಎಡಗಡೆ ನಿಮ್ಮ ಮನೆಮಾತಲ್ಲೇ ಬರ್ಕೊಳ್ಳಿ, ಒಳಗೆ ಯೋಚನೆ ಯಾವ ಭಾಷೆಯಲ್ಲಿ ನಡೀತದೋ ಅದೇ ಬೇಕು.

ಇನ್ನು ಎ, ಆ್ಯನ್, ದ. ಇದು ನಮ್ಮ ಭಾಷೆಯಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಬಿಟ್ಟುಹೋದದ್ದು ಕಣ್ಣಿಗೆ ಕಾಣುದೂ ಇಲ್ಲ. ಎ ಮತ್ತು ಆ್ಯನ್ ನೋಡ್ಬೇಕಾದ್ದು ಅಕ್ಷರದಲ್ಲಲ್ಲ, ಕಿವಿಯಲ್ಲಿ. ಆ್ಯನ್ ಅವರ್, ಆ್ಯನ್ ಎಮ್ಮೆಲ್ಲೆ, ಆದ್ರೆ ಎ ಯೂನಿವರ್ಸಿಟಿ. ನದಿಗೂ ಸಮುದ್ರಕ್ಕೂ ದ ಬೇಕು, ದ ನೇತ್ರಾವತಿ, ದ ಅರೇಬಿಯನ್ ಸೀ, ಊರಿನ ಹೆಸರಿಗೆ ಬೇಡ. ಮಗು ಓದ್ಲಿಕ್ಕೆ ಹೋದ್ರೆ ಗೋಸ್ ಟು ಸ್ಕೂಲ್, ಅಮ್ಮ ಟೀಚರನ್ನು ಕಾಣ್ಲಿಕ್ಕೆ ಅದೇ ಶಾಲೆಗೆ ಹೋದ್ರೆ ಗೋಸ್ ಟು ದ ಸ್ಕೂಲ್.

ಈಗ ಒಂದು ಪ್ಯಾಸೇಜ್ ಒಟ್ಟಿಗೆ ಮಾಡುವ, ನಮ್ಮ ಮಲ್ಪೆಯದ್ದೇ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರ್ತದಲ್ಲ, ಅದ್ರ ಮೇಲೆ.

"ದ ಬೋಟ್ಸ್ ಹ್ಯಾವ್ ಸ್ಟೇಡ್ ಇನ್ ಮಲ್ಪೆ ಹಾರ್ಬರ್ (1) ಜೂನ್, ಬಿಕಾಸ್ ದೇ ಆರ್ (2) ಅಲೌಡ್ ಟು ಫಿಶ್ ಇನ್ ದ ಮಾನ್ಸೂನ್. (3) ದ ಬ್ಯಾನ್ ಎಂಡ್ಸ್, ದ ಫಿಶರ್‌ಮೆನ್, ಮೆನಿ (4) ಹೂಮ್ ಹ್ಯಾವ್ ಬೀನ್ ಮೆಂಡಿಂಗ್ ನೆಟ್ಸ್ (5) ವೀಕ್ಸ್, ವಿಲ್ ಗೋ ಬ್ಯಾಕ್ ಟು ಸೀ."

ಪೆನ್ ಕೆಳಗಿಡಿ, ಆಪ್ಷನ್ ಇದ್ರೆ ಅದನ್ನು ಕೈಯಲ್ಲಿ ಮುಚ್ಚಿ, ಒಮ್ಮೆ ಪೂರ್ತಿ ಓದಿ. ಆಮೇಲೆ ಪ್ರತಿ ಜಾಗದ ಎಡ ಬಲ ಎರಡೆರಡು ಪದ ನೋಡಿ, ಅಲ್ಲಿ ಎಂಥ ಜಾತಿಯ ಪದ ಬೇಕು ಅಂತ ಕೇಳಿ. (1)ರ ಎಡಗಡೆ ಹ್ಯಾವ್ ಸ್ಟೇಡ್, ಬಲಗಡೆ ಜೂನ್, ಅದು ಶುರುವಾದ ಗಳಿಗೆ, ಸಿನ್ಸ್. (5)ರಲ್ಲೂ ಹ್ಯಾವ್ ಬೀನ್ ಉಂಟು, ಆದ್ರೆ ಬಲಗಡೆ ವೀಕ್ಸ್, ಅದು ಉದ್ದ, ಫಾರ್. ಕನ್ನಡದಲ್ಲಿ ಎರಡಕ್ಕೂ "ಇಂದ"ವೇ, ಜೂನಿಂದ, ವಾರಗಳಿಂದ. (2)ಕ್ಕೆ ಎಡ ಬಲ ನೋಡಿದ್ರೆ ಸಾಕಾಗುದಿಲ್ಲ, ಗ್ರಾಮರ್ ಪ್ರಕಾರ ಆಲ್ವೇಸ್ ಕೂಡ ಕೂತ್ಕೊಳ್ತದೆ, ಆದ್ರೆ ಮುಂದಿನ ವಾಕ್ಯದಲ್ಲಿ ಬ್ಯಾನ್ ಅಂತ ಉಂಟು, ಹಾಗಾಗಿ ನಾಟ್. ಪೂರ್ತಿ ಓದಿ ಅಂದದ್ದು ಇದಕ್ಕೇ. (3)ಕ್ಕೆ ವೆನ್, ಒನ್ಸ್, ಆಫ್ಟರ್ ಮೂರೂ ಆಗ್ತದೆ, ಒಂದನ್ನೇ ಬರೀರಿ. ಅದ್ರ ಪಕ್ಕದ ಎಂಡ್ಸ್ ಗಮನಿಸಿ, ನಿಷೇಧ ಮುಗಿಯುದು ಮುಂದೆಯಾದ್ರೂ ವೆನ್ ಇರುವ ಭಾಗದಲ್ಲಿ ವಿಲ್ ಬರುದಿಲ್ಲ, ವಿಲ್ ಬಂದದ್ದು ಆಚೆ ಭಾಗದಲ್ಲಿ. (4)ಕ್ಕೆ ಆಫ್, ಮೆನಿ ಆಫ್ ಹೂಮ್ ಅಂತ ಒಟ್ಟಿಗೇ ನೆನಪಿಡಿ.

ದಿನಾ ಅಭ್ಯಾಸಕ್ಕೆ ದುಡ್ಡು ಕೊಟ್ಟು ಟೆಸ್ಟ್ ಸೀರೀಸ್ ತೆಗೀಲೇಬೇಕು ಅಂತ ಇಲ್ಲ. ಇಂಗ್ಲಿಷ್ ಪೇಪರಿನ ಸಂಪಾದಕೀಯದಿಂದ ಒಂದು ಪ್ಯಾರಾ ಕತ್ತರಿಸಿ, ಪ್ರತಿ ಏಳನೇ ಪದದ ಮೇಲೆ ಮಾರ್ಕರ್ ಎಳೆದು, ಆ ಪದಗಳನ್ನು ಹಿಂದೆ ಬರೆದಿಟ್ಟು ಮರುದಿನ ತುಂಬಿ. ಕ್ಲೋಜ್ ಅನ್ನುವ ಪದ್ಧತಿ ಹುಟ್ಟಿದ್ದೂ ಹೀಗೇ, 1953ರಲ್ಲಿ ಅಮೆರಿಕದ ವಿಲ್ಸನ್ ಟೇಲರ್ ಅನ್ನುವವರು ಬರಹ ಓದ್ಲಿಕ್ಕೆ ಎಷ್ಟು ಸುಲಭ ಅಂತ ಅಳೀಲಿಕ್ಕೆ ನಡುನಡುವೆ ಪದ ತೆಗೆದು ಜನರ ಹತ್ರ ತುಂಬಿಸಿದ್ರು. ನನ್ನ ಹತ್ರ ಬರುವ ಒಬ್ಬ ಹುಡುಗ ಇದನ್ನು ಮಂಗಳೂರಿನ ಎಕ್ಸ್‌ಪ್ರೆಸ್ ಬಸ್ಸಲ್ಲೇ ಮಾಡ್ತಾನೆ, ಹೋಗುವಾಗ ಒಂದು, ಬರುವಾಗ ಒಂದು.

ತಪ್ಪಿದ ಪ್ರತಿಯೊಂದೂ ಅದೇ ದಿನ ನೋಟ್ ಬುಕ್ಕಿಗೆ ಹೋಗ್ಬೇಕು, ಬರೀ ಸರಿ ಉತ್ತರ ಅಲ್ಲ, ಇಡೀ ವಾಕ್ಯ. ಪರೀಕ್ಷೆಗೆ ಒಂದು ವಾರ ಇರುವಾಗ ಹೊಸ ಪಟ್ಟಿ ಹಿಡೀಬೇಡಿ, ಬಲಗಡೆ ಕಾಗದ ಮುಚ್ಚಿ ಎಡಗಡೆ ನೋಡಿ ಹೇಳಿ. ಪರೀಕ್ಷೆ ದಿನ ಎಲ್ಲ ತುಂಬಿದ ಮೇಲೆ ಕೊನೆಯ ಒಂದು ನಿಮಿಷ ಇಟ್ಕೊಂಡು ಪ್ಯಾಸೇಜನ್ನು ನಿಮ್ಮ ಉತ್ತರಗಳ ಸಮೇತ ಮನಸ್ಸಲ್ಲೇ ಓದಿ, ಎಲ್ಲಿ ತಡೆದ ಹಾಗೆ ಆಗ್ತದೋ ಆ ಜಾಗದ ಎಡ ಬಲ ಇನ್ನೊಮ್ಮೆ ನೋಡಿ.