ಇಫ್‌ಡೆಫ್ ಕಳೆ ಕಿತ್ತ ಕಥೆ

ನನ್ನದೊಂದು ಪುಟ್ಟ ಕಂಪೈಲರ್ ಇದೆ, ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿಸುವ ಸಾಧನ. ಸಿ++ನಲ್ಲಿ ಬರೆದದ್ದು, ರಜೆಯ ದಿನಗಳ ಕೆಲಸ. ಲಿನಕ್ಸ್‌ನಲ್ಲಿ ಹುಟ್ಟಿ ಅಲ್ಲೇ ಸುಖವಾಗಿತ್ತು. ಗೆಳೆಯನೊಬ್ಬ ವಿಂಡೋಸ್‌ಗೂ ಬೇಕು ಅಂದ. ಎರಡು ಮೂರು ಕಡೆ ಇಫ್‌ಡೆಫ್ (ಇಂಥ ಸಿಸ್ಟಮ್ ಆದರೆ ಮಾತ್ರ ಈ ಸಾಲುಗಳನ್ನು ಸೇರಿಸು ಅನ್ನುವ ಸೂಚನೆ) ಹಾಕಿದರೆ ಆಯ್ತು, ಅಲ್ವಾ? ಆರು ತಿಂಗಳ ನಂತರ ನೋಡಿದರೆ, ಕೋಡ್ ಓದಿ ಅದರ ರಚನೆ ಬಿಡಿಸುವ ಪಾರ್ಸರ್ ಒಳಗೂ ಇಫ್‌ಡೆಫ್ ಬೆಳೆದಿತ್ತು.

ಪಾರ್ಸರ್‌ಗೂ ಆಪರೇಟಿಂಗ್ ಸಿಸ್ಟಮ್‌ಗೂ ಏನು ನಂಟು? ನಂಟು ಹಚ್ಚಿದ್ದು ವಿಂಡೋಸ್.ಎಚ್, ವಿಂಡೋಸ್‌ನ ಫಂಕ್ಷನ್, ಟೈಪುಗಳನ್ನು ಸಾರುವ ಹೆಡರ್ ಫೈಲು. ಹ್ಯಾಂಡಲ್ ಅನ್ನುವ ಒಂದೇ ಒಂದು ಟೈಪಿಗಾಗಿ ಅದನ್ನು ನನ್ನ ಫೈಲ್ ಕ್ಲಾಸ್‌ನ ಹೆಡರ್‌ಗೆ ಸೇರಿಸಿದ್ದೆ. ಆ ಹೆಡರ್ ಹೋದಲ್ಲೆಲ್ಲ ವಿಂಡೋಸ್.ಎಚ್‌ನ ಮ್ಯಾಕ್ರೋಗಳೂ (ಕಂಪೈಲ್ ಆಗುವ ಮೊದಲೇ ಬೇರೆ ಪಠ್ಯವಾಗಿ ಬದಲಾಗುವ ಹೆಸರುಗಳು) ಹಿಂದೆಯೇ ಹೋದವು. ನನ್ನ ಟೋಕನ್‌ಗಳ, ಅಂದರೆ ಪಾರ್ಸರ್ ಗುರುತಿಸುವ ಪದಗಳ, ಹೆಸರು ಇನ್, ಕಾನ್ಸ್ಟ್, ವಾಯ್ಡ್, ಎರರ್, ಎಲ್ಲ ದೊಡ್ಡಕ್ಷರದಲ್ಲಿ. ನಾಲ್ಕೂ ಅಲ್ಲಿ ಮ್ಯಾಕ್ರೋಗಳೇ! ಎರರ್ ಸೊನ್ನೆಯಾಗುತ್ತದೆ. ಇನ್ ಅಂತೂ ಖಾಲಿ ಮ್ಯಾಕ್ರೋ. ಪಟ್ಟಿಯಲ್ಲಿ ಹೆಸರು ಮಾಯವಾಗಿ ಬರೀ ಕಾಮಾ ಉಳಿಯುತ್ತದೆ. ಒಂದು ಸಂಜೆ ಪೂರ್ತಿ ತಲೆ ಕೆರೆದುಕೊಂಡು, ಕೊನೆಗೆ ಪಾರ್ಸರ್‌ನಲ್ಲೇ ಆ ಮ್ಯಾಕ್ರೋಗಳನ್ನು ಅಳಿಸುವ ಅನ್‌ಡೆಫ್ ತೇಪೆ ಹಾಕಿದ್ದೆ.

ದಾರಿ ತೋರಿಸಿದ್ದು ಎಲ್‌ಎಲ್‌ವಿಎಂ ಎಂಬ ದೊಡ್ಡ ಕಂಪೈಲರ್ ಯೋಜನೆಯ ಸೋರ್ಸ್. ಅದರ ಸಪೋರ್ಟ್ ಲೈಬ್ರರಿಯೊಳಗೆ ಯುನಿಕ್ಸ್, ವಿಂಡೋಸ್ ಅಂತ ಎರಡು ಫೋಲ್ಡರ್. ಎರಡರಲ್ಲೂ ಪಾತ್, ಪ್ರೋಗ್ರಾಂ, ಸಿಗ್ನಲ್ಸ್ ಎಂಬ ಅದೇ ಹೆಸರಿನ ಇಂಕ್ ಫೈಲುಗಳು (ಬೇರೆ ಫೈಲಿನೊಳಗೆ ಸೇರಿಸಿಕೊಳ್ಳುವಂಥವು). ಪಾತ್.ಸಿಪಿಪಿಯಲ್ಲಿ ಎಲ್ಲರಿಗೂ ಸಲ್ಲುವ ಕೋಡ್ ಇರುತ್ತದೆ. ಯಾವ ಸಿಸ್ಟಮ್ಮೋ ಅದರ ಇಂಕ್ ಫೈಲನ್ನು ಅದೇ ಎಳೆದುಕೊಳ್ಳುತ್ತದೆ. ಹೊರಗಿನ ಹೆಡರ್‌ನಲ್ಲಿ ವಿಂಡೋಸ್.ಎಚ್‌ನ ಸುಳಿವೂ ಇಲ್ಲ.

ಅದನ್ನೇ ನಕಲು ಮಾಡಿದೆ. ಫೋಲ್ಡರ್ ಮಾಡುವುದು ಸುಲಭ, ಹೆಡರ್‌ನಲ್ಲಿ ಏನು ಬರೆಯಬೇಕು ಅನ್ನುವುದೇ ಕಷ್ಟ. ಮೊದಲು ಫೋರ್ಕ್ ಅಂತ ಒಂದು ಫಂಕ್ಷನ್ ಇಟ್ಟೆ, ಓಡುತ್ತಿರುವ ಪ್ರೋಗ್ರಾಂನ ನಕಲು ಹುಟ್ಟಿಸುವ ಯುನಿಕ್ಸ್ ಕರೆಯ ಹೆಸರು ಅದು. ವಿಂಡೋಸ್‌ನಲ್ಲಿ ಫೋರ್ಕ್ ಎಲ್ಲಿದೆ? ಅಷ್ಟಕ್ಕೂ ನನ್ನ ಕಂಪೈಲರ್‌ಗೆ ಬೇಕಾದದ್ದು ಫೋರ್ಕ್ ಅಲ್ಲ, ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಓಡಿಸಿ ಮುಗಿಯುವವರೆಗೆ ಕಾಯುವುದು. ಹಾಗಾಗಿ 'ಓಡಿಸಿ ಕಾಯಿ' ಅನ್ನುವ ಅರ್ಥದ ಹೆಸರಿಟ್ಟೆ. ಯುನಿಕ್ಸ್‌ನಲ್ಲಿ ಆರ್ಗ್ಯುಮೆಂಟುಗಳ ಅರೇ ಕೊಟ್ಟರೆ ಸಾಕು. ವಿಂಡೋಸ್‌ನಲ್ಲಿ ಪ್ರೋಗ್ರಾಂ ಓಡಿಸುವ ಕ್ರಿಯೇಟ್‌ಪ್ರಾಸೆಸ್‌ಗೆ ಎಲ್ಲವನ್ನೂ ಒಂದೇ ಸ್ಟ್ರಿಂಗಾಗಿ ಹೆಣೆದು ಕೊಡಬೇಕು. ಅದೂ 32,767 ಅಕ್ಷರಗಳ ಮಿತಿಯೊಳಗೆ. ದಾಟಿದರೆ ರೆಸ್ಪಾನ್ಸ್ ಫೈಲಿಗೆ ಬರೆದು ಅದರ ಹೆಸರು ಕೊಡಬೇಕು. ಈ ರಗಳೆಯೆಲ್ಲ ಈಗ ಒಂದೇ ಫೈಲಿನೊಳಗಿದೆ.

ಕಂಪೈಲರ್ ತಾನು ಎಲ್ಲಿ ಕೂತಿದ್ದೇನೆ ಅಂತ ಕಂಡುಕೊಳ್ಳುವ ರೀತಿ ಮ್ಯಾಕ್‌ನಲ್ಲಿ ಬೇರೆ, ಲಿನಕ್ಸ್‌ನಲ್ಲಿ ಬೇರೆ. ಯುನಿಕ್ಸ್ ಫೈಲಿನೊಳಗೆ ಅದಕ್ಕೊಂದು ಇಫ್‌ಡೆಫ್ ಹಾಗೇ ಬಿಟ್ಟೆ. ನಾಲ್ಕು ಸಾಲಿಗೆ ಸುಮ್ನೆ ಇನ್ನೊಂದು ಫೋಲ್ಡರ್ ಯಾಕೆ?

ನಿಜವಾದ ತಪ್ಪು ಸಿಕ್ಕಿದ್ದು ಯಂತ್ರದ ಕೋಡ್ ಬರೆಯುವ ಕೋಡ್ ಜನರೇಟರ್‌ನಲ್ಲಿ. ಅಲ್ಲೂ ವಿಂಡೋಸ್ ಇಫ್‌ಡೆಫ್ ಇತ್ತು, ಕಾಲಿಂಗ್ ಕನ್ವೆನ್ಷನ್ (ಫಂಕ್ಷನ್‌ಗೆ ಆರ್ಗ್ಯುಮೆಂಟುಗಳನ್ನು ದಾಟಿಸುವ ಕ್ರಮ) ಆರಿಸಲು. ಇದನ್ನೂ ಹೊಸ ಫೋಲ್ಡರಿಗೆ ಸಾಗಿಸಲು ಹೊರಟವನು ಅರ್ಧದಲ್ಲೇ ನಿಂತೆ. ಇಫ್‌ಡೆಫ್ ಹೇಳುವುದು ಕಂಪೈಲರ್ ಎಲ್ಲಿ ಓಡುತ್ತಿದೆ ಅಂತ. ಇಲ್ಲಿ ಬೇಕಾದದ್ದು ಅದು ಹುಟ್ಟಿಸುವ ಪ್ರೋಗ್ರಾಂ ಎಲ್ಲಿ ಓಡುತ್ತದೆ ಅಂತ! ಇಂಟೆಲ್, ಎಎಂಡಿ ಚಿಪ್‌ಗಳ 64 ಬಿಟ್ ವಿಂಡೋಸ್‌ನಲ್ಲಿ ಮೊದಲ 4 ಆರ್ಗ್ಯುಮೆಂಟುಗಳು ಚಿಪ್‌ನೊಳಗಿನ ರಿಜಿಸ್ಟರ್‌ಗಳಲ್ಲಿ ಹೋಗುತ್ತವೆ, ಆರ್‌ಸಿಎಕ್ಸ್‌ನಿಂದ ಶುರು. ಅದೇ ಚಿಪ್‌ನ ಲಿನಕ್ಸ್‌ನಲ್ಲಿ ಪೂರ್ಣಾಂಕಗಳಾದರೆ 6, ಆರ್‌ಡಿಐನಿಂದ ಶುರು. ಲಿನಕ್ಸ್‌ನಲ್ಲಿ ಕೂತು ವಿಂಡೋಸ್‌ಗೆ ಕಂಪೈಲ್ ಮಾಡಿದ್ದರೆ ವಿಂಡೋಸ್ ಫಂಕ್ಷನ್‌ಗಳ ಪ್ರತಿ ಕರೆಯಲ್ಲೂ ಕಸವೇ ಹೋಗುತ್ತಿತ್ತು.

ಆ ಇಫ್‌ಡೆಫ್ ಪೂರ್ತಿ ಕಿತ್ತು, ಟಾರ್ಗೆಟ್ ಅನ್ನುವ ಸಾಧಾರಣ ಆಬ್ಜೆಕ್ಟ್ ಮಾಡಿದೆ. ಎಲ್ಲ ಟಾರ್ಗೆಟ್‌ಗಳೂ ಎಲ್ಲ ಸಿಸ್ಟಮ್‌ಗಳಲ್ಲೂ ಬಿಲ್ಡ್ ಆಗುತ್ತವೆ, ಆಯ್ಕೆ ಓಡುವಾಗ. ಈಗ ಟೆಸ್ಟ್‌ನಲ್ಲಿ ಒಂದೇ ಪ್ರೋಗ್ರಾಮನ್ನು ಎರಡೂ ಸಿಸ್ಟಮ್‌ಗಳಲ್ಲಿ ವಿಂಡೋಸ್‌ಗಾಗಿ ಕಂಪೈಲ್ ಮಾಡಿ, ಹೊರಬಂದ ಆಬ್ಜೆಕ್ಟ್ ಫೈಲುಗಳನ್ನು ಬೈಟ್ ಬೈಟ್ ಹೋಲಿಸುತ್ತೇನೆ. ಮೊದಲ ಸಲ ಆ ಫೈಲುಗಳ ಆರಂಭದ ಭಾಗದಲ್ಲೇ ವ್ಯತ್ಯಾಸ ಕಾಣಿಸಿ ಎದೆ ಧಸಕ್ಕೆಂದಿತು. ನೋಡಿದರೆ ಬರೀ ಟೈಮ್‌ಸ್ಟ್ಯಾಂಪ್. ಅದನ್ನು ಸೊನ್ನೆ ಮಾಡಿದೆ, ಎರಡೂ ಒಂದೇ ಆದವು.